ಚಳಿಯೇ ಕಟ್ಟಿಕೊಡುವ ರಸ್ತೆ

2010ರಲ್ಲಿ ಕೆನಡಾದ ವಿನಿಪೆಗ್ ನಗರದಲ್ಲಿ ಒಂದು ಪುಟ್ಟ ಮಸೀದಿ ಕಟ್ಟಿದರು. ಅದು ವಿನಿಪೆಗ್‌ನವರಿಗಾಗಿ ಕಟ್ಟಿದ್ದಲ್ಲ. ಇಡೀ ಕಟ್ಟಡವನ್ನು ಲಾರಿಯ ಮೇಲೇರಿಸಿ ಗ್ರೇಟ್ ಸ್ಲೇವ್ ಸರೋವರದ ದಂಡೆಯ ಹೇ ರಿವರ್ ಪಟ್ಟಣಕ್ಕೆ ಒಯ್ದರು. ಅಲ್ಲಿಂದ ಬಾರ್ಜ್ ಎಂಬ ಚಪ್ಪಟೆ ಸರಕುದೋಣಿಯ ಮೇಲಿಟ್ಟು ಮೆಕೆಂಜಿ ನದಿಗುಂಟ ತೇಲಿಸಿಕೊಂಡು ಹೋಗಿ, ಆರ್ಕ್ಟಿಕ್ ವೃತ್ತದ ಆಚೆಗಿರುವ ಇನುವಿಕ್ ಊರಿಗೆ ಮುಟ್ಟಿಸಿದರು. ಒಟ್ಟು ದಾರಿ ಸುಮಾರು 4,000 ಕಿ.ಮೀ. ಇಷ್ಟು ಪಾಡು ಯಾಕೆ ಅಂದರೆ, ಇನುವಿಕ್‌ನಲ್ಲೇ ಕಟ್ಟುವುದಕ್ಕಿಂತ ಬೇರೆ ಕಡೆ ಕಟ್ಟಿ ಸಾಗಿಸುವುದೇ ಅಗ್ಗವಾಗಿತ್ತು. ಆ ಊರಿನಲ್ಲಿ ಮರಮುಟ್ಟಿಗೂ ದುಬಾರಿ, ಕೂಲಿಗೂ ದುಬಾರಿ. ಮಸೀದಿ ಹತ್ತಿದ್ದು ಆ ವರ್ಷದ ಕೊನೆಯ ಬಾರ್ಜ್. ಅದು ತಪ್ಪಿದ್ದರೆ ನದಿಯ ಮಂಜು ಕರಗುವ ಮುಂದಿನ ಬೇಸಿಗೆಯ ತನಕ ಮಸೀದಿ ದಂಡೆಯ ಮೇಲೇ ಕೂತಿರಬೇಕಿತ್ತು.

ಅದೇ ನದಿ 2023ರಲ್ಲಿ ಇಳಿಯಿತು. 2024ರಲ್ಲಿ ಇನ್ನೂ ಇಳಿಯಿತು. ನೀರು ಎಷ್ಟು ಕಡಿಮೆಯಾಯಿತೆಂದರೆ ನಡುದಾರಿಯ ನಾರ್ಮನ್ ವೆಲ್ಸ್, ಟುಲಿಟಾ, ಫೋರ್ಟ್ ಗುಡ್ ಹೋಪ್ ಊರುಗಳ ಬಾರ್ಜ್ ಸಾಗಣೆಯನ್ನು 2024ರಲ್ಲಿ ಪೂರ್ತಿ ರದ್ದು ಮಾಡಬೇಕಾಯಿತು. ಬರಬೇಕಿದ್ದ ಇಂಧನ ವಿಮಾನದಲ್ಲಿ ಬಂತು, ಅದರ ದರವೂ ವಿಮಾನದ ಎತ್ತರಕ್ಕೇ ಏರಿತು. ಇದರಲ್ಲೊಂದು ವ್ಯಂಗ್ಯವಿದೆ. ನಾರ್ಮನ್ ವೆಲ್ಸ್ ಊರು ಹುಟ್ಟಿದ್ದೇ ಎಣ್ಣೆ ಬಾವಿಗಳಿಂದ. ಕಾಲಡಿಯ ಕಚ್ಚಾ ಎಣ್ಣೆ ಕೊಳವೆಯಲ್ಲಿ ದಕ್ಷಿಣಕ್ಕೆ ಹೋಗುತ್ತದೆ, ಮನೆ ಬೆಚ್ಚಗಿಡುವ ಎಣ್ಣೆ ದಕ್ಷಿಣದಿಂದ ಹೊತ್ತು ತರಿಸಿಕೊಳ್ಳಬೇಕು.

ನಮ್ಮಲ್ಲಿ ಒಂದು ಊರಿನ ಬಗ್ಗೆ ಮೊದಲು ಕೇಳುವುದು ಎಷ್ಟು ದೂರ ಅಂತ. ಕೆನಡಾದ ಉತ್ತರದಲ್ಲಿ ಮೊದಲು ಕೇಳಬೇಕಾದದ್ದು ಯಾವಾಗ ಅಂತ. ಜನವರಿಯಲ್ಲಿ ಲಾರಿ ಹೋಗುವ ಊರಿಗೆ ಮೇ ತಿಂಗಳಲ್ಲಿ ವಿಮಾನ ಬಿಟ್ಟರೆ ಗತಿಯಿಲ್ಲ, ಆಗಸ್ಟ್‌ನಲ್ಲಿ ದೋಣಿ. ಹವಾಮಾನ ಬದಲಾವಣೆಯ ಸುದ್ದಿ ಬಂದಾಗಲೆಲ್ಲ ಕರಗುವ ಮಂಜು, ಬಡಕಲು ಹಿಮಕರಡಿ ಇವುಗಳ ಚಿತ್ರ ತೋರಿಸುತ್ತಾರೆ. ಅಲ್ಲಿ ಬದುಕುವವರಿಗೆ ಆಗಿರುವ ದೊಡ್ಡ ಪೆಟ್ಟು ಬೇರೆ ಎಂದು ನನಗನ್ನಿಸುತ್ತದೆ. ಅವರ ಪಂಚಾಂಗವೇ ತಪ್ಪುತ್ತಿದೆ. ತಪ್ಪಿದ ಪಂಚಾಂಗದ ಜಾಗಕ್ಕೆ ಏನು ಬರುತ್ತದೆ, ಅದಕ್ಕೆ ದುಡ್ಡು ಹಾಕುವವರು ಯಾರು, ಯಾರ ಸಲುವಾಗಿ ಹಾಕುತ್ತಾರೆ ಎನ್ನುವುದು ಈಗ ನಡೆಯುತ್ತಿರುವ ನಿಜವಾದ ಜಗಳ.

ಮೊದಲು, ಚಳಿಗಾಲದಲ್ಲಿ ಲಾರಿ ಹೋಗುವ ಆ ಮಂಜಿನ ರಸ್ತೆ ಆಗುವುದು ಹೇಗೆಂದು ನೋಡೋಣ. ಯೆಲ್ಲೋನೈಫ್ ಪಟ್ಟಣದ ಈಶಾನ್ಯಕ್ಕಿರುವ ವಜ್ರದ ಗಣಿಗಳಿಗೆ ಹೋಗುವ ಟಿಬಿಟ್–ಕಾಂಟ್‌ವಾಯ್ಟೊ ಚಳಿಗಾಲದ ರಸ್ತೆ 1982ರಿಂದ ಪ್ರತಿ ವರ್ಷ ಹುಟ್ಟಿ ಪ್ರತಿ ವರ್ಷ ಸಾಯುತ್ತದೆ. ನೂರಾರು ಕಿ.ಮೀ. ಉದ್ದದ ಈ ದಾರಿಯ ಬಹುಪಾಲು ಹೆಪ್ಪುಗಟ್ಟಿದ ಕೆರೆಗಳ ಮೇಲೇ ಹಾದುಹೋಗುತ್ತದೆ. ಕೆರೆ ತಾನಾಗಿ ಹೆಪ್ಪುಗಟ್ಟಿದರೆ ಸಾಲದು. ಮೇಲೆ ಬಿದ್ದ ಹಿಮ ಕಂಬಳಿಯಂತೆ ಕೆಲಸ ಮಾಡಿ ಚಳಿಯನ್ನು ಕೆಳಗಿಳಿಯಲು ಬಿಡುವುದಿಲ್ಲ. ಹಾಗಾಗಿ ಮೊದಲು ಹಗುರ ಯಂತ್ರಗಳನ್ನು ಕಳಿಸಿ ಹಿಮ ಬಳಿದು, ಬರೀ ಮಂಜುಗಡ್ಡೆಗೆ ಗಾಳಿ ತಾಗುವಂತೆ ಮಾಡುತ್ತಾರೆ. ತೆಳುವಾದ ಕಡೆ ತೂತು ಕೊರೆದು ಕೆಳಗಿನ ನೀರನ್ನೇ ಮೇಲೆ ಹರಿಸಿ ಪದರದ ಮೇಲೆ ಪದರ ಕಟ್ಟುತ್ತಾರೆ. ರೇಡಾರ್ ಎಳೆದುಕೊಂಡು ಹೋಗಿ ದಪ್ಪ ಅಳೆಯುತ್ತಾರೆ. ಮುಕ್ಕಾಲು ಮೀಟರ್ ಆಸುಪಾಸಿಗೆ ಬಂದಾಗ ಹಗುರ ಹೊರೆಯ ಲಾರಿಗಳಿಗೆ ಬಾಗಿಲು ತೆರೆಯುತ್ತದೆ. ಪೂರ್ತಿ ಹೊರೆಗೆ ಮೀಟರ್‌ಗೂ ಮೇಲೆ ಬೇಕು.

ಆಮೇಲೆ ವೇಗದ ಲೆಕ್ಕ. ತುಂಬಿದ ಲಾರಿಗೆ ಗಂಟೆಗೆ 25 ಕಿ.ಮೀ. ಮಿತಿ. ಇದು ಜಾರುವ ಭಯಕ್ಕೆ ಹಾಕಿದ ಮಿತಿ ಅಂದುಕೊಂಡರೆ ತಪ್ಪು. ಲಾರಿಯ ಭಾರಕ್ಕೆ ಮಂಜು ಕೊಂಚ ಬಾಗುತ್ತದೆ, ಅದರಡಿಯ ನೀರಿನಲ್ಲಿ ಅಲೆಯೊಂದು ಎದ್ದು ಲಾರಿಯ ಜೊತೆಗೇ ಸಾಗುತ್ತದೆ. ವೇಗ ಹೆಚ್ಚಾದಷ್ಟೂ ಅಲೆ ದೊಡ್ಡದಾಗಿ, ದಡದ ಹತ್ತಿರ ನೀರು ಆಳ ಕಳೆದುಕೊಳ್ಳುವಲ್ಲಿ ಮಂಜನ್ನು ಕೆಳಗಿನಿಂದ ಒಡೆದುಬಿಡುತ್ತದೆ. ಒಡೆದದ್ದು ಮುಂದಿನ ಲಾರಿಯ ಪಾಲಿಗೆ. ಅದಕ್ಕೇ ದಡ ಸಮೀಪಿಸಿದಂತೆ ವೇಗ ಇನ್ನೂ ತಗ್ಗಿಸಬೇಕು, ಲಾರಿಗಳ ನಡುವೆ ಅಂತರ ಇಟ್ಟುಕೊಳ್ಳಬೇಕು. ಫೆಬ್ರವರಿಯಿಂದ ಏಪ್ರಿಲ್ ಮೊದಲ ವಾರದವರೆಗೆ, ಹೆಚ್ಚುಕಡಿಮೆ ಎಂಟು ವಾರ ಈ ಮೆರವಣಿಗೆ. ವರ್ಷದ ಡೀಸೆಲ್, ಸಿಮೆಂಟ್, ಯಂತ್ರದ ಬಿಡಿಭಾಗ ಎಲ್ಲವೂ ಆ ಎಂಟು ವಾರದಲ್ಲೇ ಮುಗಿಯಬೇಕು. 2006ರಲ್ಲಿ ಚಳಿ ಕೈಕೊಟ್ಟು ರಸ್ತೆ ಬೇಗ ಮುಚ್ಚಿತು. ಗಣಿಗಳು ಉಳಿದ ಸರಕನ್ನು ವಿಮಾನದಲ್ಲಿ ತರಿಸಿಕೊಂಡವು. ಖರ್ಚು ಹೆಚ್ಚಾಯಿತು, ಕೆಲಸ ನಿಲ್ಲಲಿಲ್ಲ. ವಜ್ರಕ್ಕೆ ಆ ತಾಕತ್ತಿದೆ.

ಊರಿಗೆ ಆ ತಾಕತ್ತಿಲ್ಲ. ಒಂಟಾರಿಯೊ ಅಂದಾಗ ಟೊರಾಂಟೊ ನೆನಪಿಗೆ ಬರುವುದು ಸಹಜ. ಅದೇ ಪ್ರಾಂತ್ಯದ ಉತ್ತರ ತುದಿಯಲ್ಲಿ ಸುಮಾರು 30 ಮೂಲನಿವಾಸಿ ಊರುಗಳಿಗೆ ವರ್ಷಪೂರ್ತಿ ಓಡಾಡುವ ರಸ್ತೆಯೇ ಇಲ್ಲ. ಜವುಗು, ಕೆರೆ, ಹೊಳೆಗಳನ್ನು ದಾಟುವ 3,000 ಕಿ.ಮೀ.ಗೂ ಹೆಚ್ಚಿನ ಚಳಿಗಾಲದ ದಾರಿಗಳನ್ನು ಆಯಾ ಊರಿನವರೇ ಪ್ರತಿ ವರ್ಷ ಕಟ್ಟಿಕೊಳ್ಳುತ್ತಾರೆ. ವರ್ಷದ ಡೀಸೆಲ್ ಬರುವುದು ಆ ದಾರಿಯಲ್ಲಿ. ಮನೆ ಕಟ್ಟುವ ಮರ, ಗೋಡೆಯ ಹಲಗೆ, ಶಾಲೆಯ ರಿಪೇರಿಗೆ ಬೇಕಾದ ಸಾಮಾನು ಎಲ್ಲವೂ ಅದರಲ್ಲೇ. ಜೊತೆಗೆ, ಲೆಕ್ಕಪತ್ರದಲ್ಲಿ ಕಾಣಿಸದ ಸಂಚಾರವೂ ಇದೆ. ಪಕ್ಕದೂರಿಗೆ ಮದುವೆಯಾಗಿ ಹೋದವರು ತವರಿಗೆ ಬರುವುದು, ಮಕ್ಕಳ ಹಾಕಿ ತಂಡ ಬೇರೆ ಊರಿಗೆ ಆಡಲು ಹೋಗುವುದು, ಸಾವಾದ ಮನೆಗೆ ಮಾತಾಡಿಸಲು ಹೋಗುವುದು, ಸ್ವಂತ ಗಾಡಿಯಲ್ಲಿ ಪೇಟೆಗೆ ಹೋಗಿ ಪೇಟೆಯ ದರದಲ್ಲೇ ಸಾಮಾನು ತುಂಬಿಕೊಂಡು ಬರುವುದು. ಉಳಿದ ಹತ್ತು ತಿಂಗಳು ವಿಮಾನದ ಟಿಕೆಟ್ ಕೊಳ್ಳಲಾಗದವರಿಗೆ ಬಳಗ ನೋಡುವ ಕಾಲವೆಂದರೆ ಇದೊಂದೇ. ನಮ್ಮ ಕಡೆ ಜಾತ್ರೆಗೆ ಊರಿಗೆ ಬರುವ ಹಾಗೆ ಅಲ್ಲಿ ಚಳಿಗೆ ಬರುತ್ತಾರೆ.

2024ರ ಫೆಬ್ರವರಿಯಲ್ಲಿ ಆ ಚಳಿಯೇ ಬರಲಿಲ್ಲ. ಎಲ್ ನೀನೊ ವರ್ಷ, ಬೆಚ್ಚಗಿನ ಚಳಿಗಾಲ. ದಾರಿಗಳು ತಡವಾಗಿ ತೆರೆದವು. ಕೆಲವು ಅರ್ಧ ಹೊರೆಯನ್ನೂ ಹೊರುವಂತಿರಲಿಲ್ಲ. ಉತ್ತರ ಒಂಟಾರಿಯೊದ 49 ಮೂಲನಿವಾಸಿ ಸಮುದಾಯಗಳ ಒಕ್ಕೂಟವಾದ ನಿಶ್ನಾಬೆ ಅಸ್ಕಿ ನೇಷನ್ ತುರ್ತುಪರಿಸ್ಥಿತಿ ಘೋಷಿಸಿತು. ಪಕ್ಕದ ಮ್ಯಾನಿಟೋಬಾದ ಐಲೆಂಡ್ ಲೇಕ್ ಸಮುದಾಯಗಳೂ ಅದೇ ಹಾದಿ ಹಿಡಿದವು. ಹೊರಗಿನವರು ಇದನ್ನು ಒಂದು ಕೆಟ್ಟ ಋತು ಎಂದು ಓದಿ ಮರೆಯಬಹುದು. ಊರಿನ ಲೆಕ್ಕ ಬೇರೆ. ಈ ಫೆಬ್ರವರಿಯಲ್ಲಿ ಮರ ಬರದಿದ್ದರೆ ಬರುವ ಬೇಸಿಗೆಯಲ್ಲಿ ಮನೆ ಏಳುವುದಿಲ್ಲ. ಮನೆ ಏಳದಿದ್ದರೆ ಒಂದೇ ಸೂರಿನಡಿ ಮೂರು ತಲೆಮಾರು ಇನ್ನೊಂದು ವರ್ಷ ಕಳೆಯಬೇಕು. ಅಷ್ಟರಲ್ಲಿ ಮಂಜೂರಾದ ಹಣದ ಅವಧಿ ಮುಗಿದರೆ ಅರ್ಜಿ ಮತ್ತೆ ಮೊದಲಿನಿಂದ.

ಇನ್ನೂ ಮೇಲೆ, ನುನಾವುತ್‌ಗೆ ಹೋದರೆ ಈ ಎಂಟು ವಾರದ ಭಾಗ್ಯವೂ ಇಲ್ಲ. 1999ರ ಏಪ್ರಿಲ್ 1ರಂದು ಹುಟ್ಟಿದ ಈ ಪ್ರದೇಶ ವಿಸ್ತಾರದಲ್ಲಿ ಸುಮಾರು ಹನ್ನೊಂದು ಕರ್ನಾಟಕದಷ್ಟಿದೆ. 2021ರ ಜನಗಣತಿಯಲ್ಲಿ ಜನಸಂಖ್ಯೆ 36,858. ಇರುವ 25 ಊರುಗಳಲ್ಲಿ ಒಂದರಿಂದ ಇನ್ನೊಂದಕ್ಕೆ ರಸ್ತೆಯಿಲ್ಲ, ದಕ್ಷಿಣ ಕೆನಡಾಕ್ಕೂ ಇಲ್ಲ. ಹಾಗೆಂದು ಇಲ್ಲಿನ ಮೂಲನಿವಾಸಿಗಳಾದ ಇನುಯಿಟ್ ಜನ ಕೂತಲ್ಲೇ ಕೂತಿದ್ದವರಲ್ಲ. ಹೆಪ್ಪುಗಟ್ಟಿದ ಸಮುದ್ರವೇ ಅವರ ಹೆದ್ದಾರಿ. ದಡಕ್ಕೆ ಅಂಟಿ ನಿಂತ ಗಟ್ಟಿ ಮಂಜಿಗೆ ‘ತುವಾಕ್’ ಅನ್ನುತ್ತಾರೆ. ಅದು ಮುಗಿದು ತೆರೆದ ನೀರು ಶುರುವಾಗುವ ಅಂಚಿಗೆ ‘ಸಿನಾ’. ಸೀಲ್ ಬೇಟೆ ಆ ಅಂಚಿನಲ್ಲಿ. ನಾಯಿಗಳು ಎಳೆಯುತ್ತಿದ್ದ ‘ಕಮುತೀಕ್’ ಎಂಬ ಜಾರುಬಂಡಿಯನ್ನು ಈಗ ಹಿಮದ ಮೇಲೆ ಓಡುವ ಇಂಜಿನ್ ಗಾಡಿ ಸ್ನೋಮೊಬೈಲ್ ಹಿಂದೆ ಕಟ್ಟುತ್ತಾರೆ.

ನಾಯಿಗಳು ಹೇಗೆ ಹೋದವು ಎನ್ನುವುದು ನೋವಿನ ಚರಿತ್ರೆ. 1950ರ ದಶಕದಿಂದ ಸರ್ಕಾರ ಅಲೆಮಾರಿ ಶಿಬಿರಗಳ ಜನರನ್ನು ಊರುಗಳಲ್ಲಿ ನೆಲೆಗೊಳಿಸಿತು. ಆ ಊರುಗಳಲ್ಲಿ ಕಟ್ಟದೆ ಬಿಟ್ಟ ನಾಯಿಗಳು ಅಪಾಯಕಾರಿ ಎಂದು ಪೊಲೀಸರೂ ಅಧಿಕಾರಿಗಳೂ ಗುಂಡಿಟ್ಟು ಕೊಂದರು. ಬಂಡಿ ನಾಯಿ ಹೋಯಿತೆಂದರೆ ಬೇಟೆ ಹೋಯಿತು, ನೆಂಟರ ಮನೆಯ ದಾರಿಯೂ ಹೋಯಿತು. ಉತ್ತರ ಕ್ವಿಬೆಕ್‌ನ ನುನಾವಿಕ್ ಇನುಯಿಟ್ ಜನರ ಮುಂದೆ ಕೇಂದ್ರ ಸರ್ಕಾರ ಇದಕ್ಕೆ ಕ್ಷಮೆ ಕೇಳಿದ್ದು 2024ರ ನವೆಂಬರ್‌ನಲ್ಲಿ, 4.5 ಕೋಟಿ ಡಾಲರ್ ಪರಿಹಾರದೊಂದಿಗೆ. ಸ್ನೋಮೊಬೈಲ್ ನಾಯಿಗಿಂತ ವೇಗವಾಗಿ ಓಡುತ್ತದೆ, ನಿಜ. ಆದರೆ ತೆಳು ಮಂಜಿನ ಮುಂದೆ ನಾಯಿ ಹೆಜ್ಜೆ ಹಿಂದಿಡುತ್ತದೆ, ಇಂಜಿನ್ ಇಡುವುದಿಲ್ಲ.

ಆ ತೆಳು ಮಂಜು ಈಗ ಇರಬಾರದ ಜಾಗದಲ್ಲಿ, ಇರಬಾರದ ತಿಂಗಳಲ್ಲಿ ಸಿಗುತ್ತಿದೆ. ಅಜ್ಜ ಹೇಳಿಕೊಟ್ಟ ದಾರಿಯನ್ನು ನಂಬಿ ಹೊರಟವನು ಮುಳುಗುತ್ತಾನೆ. ಲ್ಯಾಬ್ರಡಾರ್‌ನ ನೈನ್ ಎಂಬ ಊರಿನಲ್ಲಿ 2009–10ರ ವಿಪರೀತ ಬೆಚ್ಚನೆಯ ಚಳಿಗಾಲದಲ್ಲಿ ಮಂಜು ನಂಬಿದವರನ್ನು ಹೀಗೇ ಮೋಸ ಮಾಡಿತು. ಆ ಪೆಟ್ಟಿನಿಂದ ಹುಟ್ಟಿದ್ದು ‘ಸ್ಮಾರ್ಟ್‌ಐಸ್’ ಎಂಬ ಯೋಜನೆ. ಕಮುತೀಕ್ ಮೇಲೆ ದಪ್ಪ ಅಳೆಯುವ ಸಾಧನ ಇಟ್ಟುಕೊಂಡು ಊರಿನ ಹುಡುಗರೇ ಓಡಾಡುತ್ತಾರೆ, ಮಂಜಿನೊಳಗೆ ಹೂತ ಸಂವೇದಕಗಳು ಉಪಗ್ರಹದ ಮೂಲಕ ಅಳತೆ ಕಳಿಸುತ್ತವೆ. ಎಲ್ಲಿ ಅಳೆಯಬೇಕೆಂದು ಹೇಳುವವರು ಮಾತ್ರ ಹಿರಿಯ ಬೇಟೆಗಾರರು. ಉತ್ತರದ ಸಾರಿಗೆಗೆಂದು ಸುರಿದ ಹಣದಲ್ಲಿ ಇದಕ್ಕೆ ಹೋದದ್ದು ಚಿಲ್ಲರೆ. ಕೊಟ್ಟ ಕಾಸಿಗೆ ಇಷ್ಟು ಹುಟ್ಟಿದ ಕೆಲಸ ಬೇರೊಂದು ನನಗೆ ಕಾಣುವುದಿಲ್ಲ.

ಮಂಜು ಹಾಗಿರಲಿ, ಅಂಗಡಿಯ ಸಾಮಾನು ಎಲ್ಲಿಂದ? ಹಡಗಿನಿಂದ ಅಥವಾ ವಿಮಾನದಿಂದ. ಮೂರನೆಯದಿಲ್ಲ. ಬೇಸಿಗೆಯಲ್ಲಿ ಸಮುದ್ರ ತೆರೆದ ಮೂರು–ನಾಲ್ಕು ತಿಂಗಳಲ್ಲಿ ಮಾಂಟ್ರಿಯಲ್ ಸುತ್ತಿನ ಬಂದರುಗಳಿಂದ ಹಡಗುಗಳು ಹೊರಡುತ್ತವೆ. ಇದನ್ನು ‘ಸೀಲಿಫ್ಟ್’ ಅನ್ನುತ್ತಾರೆ. ಊರುಗಳ ವಿದ್ಯುತ್ತೆಲ್ಲ ಡೀಸೆಲ್ ಜನರೇಟರಿನದ್ದೇ ಆದ್ದರಿಂದ ಟ್ಯಾಂಕರ್ ಹಡಗು ಬಂದು ವರ್ಷದ ಎಣ್ಣೆ ತುಂಬಿ ಹೋಗಲೇಬೇಕು. ಹೆಚ್ಚಿನ ಕಡೆ ಬಂದರುಕಟ್ಟೆಯೇ ಇಲ್ಲ. ಹಡಗು ದೂರದಲ್ಲಿ ಲಂಗರು ಹಾಕಿ, ಬಾರ್ಜ್‌ಗಳಲ್ಲಿ ಸರಕು ದಡಕ್ಕೆ ತರುತ್ತದೆ. ರಾಜಧಾನಿ ಇಕಲುಯಿತ್‌ನಲ್ಲೂ ಆಳಸಮುದ್ರದ ಬಂದರು ಬಳಕೆಗೆ ಬಂದದ್ದು 2023ರಲ್ಲಷ್ಟೇ. ಅಲ್ಲಿಯವರೆಗೆ ಹತ್ತು ಮೀಟರ್‌ಗೂ ಮೀರಿ ಏರಿಳಿಯುವ ಸಮುದ್ರದ ಭರತ ಇಳಿತ ಕಾದೇ ಸಾಮಾನಿಳಿಸಬೇಕಿತ್ತು. ಕೈಯಲ್ಲಿ ಕಾಸಿರುವ ಕುಟುಂಬ ವರ್ಷಕ್ಕಾಗುವಷ್ಟು ಹಿಟ್ಟು, ಅಕ್ಕಿ, ಡೈಪರ್, ಸೋಪನ್ನು ಒಟ್ಟಿಗೇ ತರಿಸಿ ಮನೆಯಲ್ಲಿ ಪೇರಿಸಿಡುತ್ತದೆ. ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುಂಚೆ ಅಟ್ಟ ತುಂಬುವುದನ್ನು ಕಂಡವರಿಗೆ ಇದು ಅರ್ಥವಾಗುವ ಸಂಗತಿ. ವ್ಯತ್ಯಾಸವೆಂದರೆ ಇಲ್ಲಿ ಮೊದಲೇ ಸಾವಿರಾರು ಡಾಲರ್ ಕಟ್ಟಬೇಕು. ಬಡವನ ಬಳಿ ಆ ಮುಂಗಡ ಇಲ್ಲ. ಅವನು ವಾರವಾರ ಅಂಗಡಿಯಲ್ಲಿ, ವಿಮಾನದಲ್ಲಿ ಬಂದದ್ದನ್ನು, ವಿಮಾನದ ದರಕ್ಕೆ ಕೊಳ್ಳುತ್ತಾನೆ. ಬಡತನಕ್ಕೇ ತೆರಿಗೆ ಹಾಕಿದ ಹಾಗೆ.

ಈ ದರ ತಗ್ಗಿಸಲು ಕೇಂದ್ರ ಸರ್ಕಾರ 2011ರಲ್ಲಿ ‘ನ್ಯೂಟ್ರಿಷನ್ ನಾರ್ತ್’ ಎಂಬ ಸಬ್ಸಿಡಿ ತಂದಿತು. ಹಣ ಹೋಗುವುದು ಅಂಗಡಿ ಕಂಪನಿಗಳಿಗೆ. ಅವು ದರ ಇಳಿಸಿ ಗ್ರಾಹಕರಿಗೆ ದಾಟಿಸಬೇಕು. ಪೂರ್ತಿ ದಾಟಿಸುತ್ತಿವೆಯೋ ಇಲ್ಲವೋ ಎಂದು ಇಲಾಖೆ ಖಾತ್ರಿ ಮಾಡಿಕೊಂಡಿಲ್ಲ ಎಂದು 2014ರಲ್ಲಿ ಅಲ್ಲಿನ ಮಹಾಲೇಖಪಾಲರೇ ಬರೆದರು. ಊರಿಗೆ ಒಂದೋ ಎರಡೋ ಅಂಗಡಿ ಇರುವಲ್ಲಿ ಪೈಪೋಟಿಯಿಂದ ದರ ಇಳಿಯುತ್ತದೆ ಎಂದು ನಂಬುವುದು ದಕ್ಷಿಣದ ಕಚೇರಿಗಳಲ್ಲಿ ಮಾತ್ರ ಸಾಧ್ಯ.

ವಿಮಾನದ ಕತೆಯೂ ಅದೇ. ಹಲವು ಊರುಗಳ ರನ್‌ವೇ ಇಂದಿಗೂ ಜಲ್ಲಿಯದ್ದು. ಹಳೆಯ ಬೋಯಿಂಗ್ 737-200ಕ್ಕೆ ಮೂಗಿನ ಚಕ್ರದಡಿ ತಗಡು ಕಟ್ಟಿ, ಇಂಜಿನ್ ಮುಂದಿನಿಂದ ಗಾಳಿ ಊದಿ ಕಲ್ಲು ಒಳಗೆ ಹೋಗದಂತೆ ಮಾಡುವ ಏರ್ಪಾಡಿತ್ತು. ಆಮೇಲಿನ 737ಗಳಿಗೆ ಅದಿಲ್ಲ. ಹಳೆಯ ವಿಮಾನ ನಿವೃತ್ತವಾದಂತೆ ಜಲ್ಲಿ ರನ್‌ವೇಯ ಊರುಗಳಿಗೆ ಉಳಿಯುವುದು ಸಣ್ಣ ಪ್ರೊಪೆಲರ್ ವಿಮಾನ. 2019ರಲ್ಲಿ ಉತ್ತರದ ಎರಡು ದೊಡ್ಡ ವಿಮಾನ ಕಂಪನಿಗಳಾದ ಫಸ್ಟ್ ಏರ್ ಮತ್ತು ಕೆನೇಡಿಯನ್ ನಾರ್ತ್ ಒಂದಾದವು. ಪೈಪೋಟಿಗೆ ಧಕ್ಕೆಯಾಗುತ್ತದೆ ಎಂದು ಸ್ಪರ್ಧಾ ಆಯೋಗ ಮೊದಲೇ ಎಚ್ಚರಿಸಿತ್ತು. ಸರ್ಕಾರ ಷರತ್ತು ಹಾಕಿ ಒಪ್ಪಿತು. ಎರಡೂ ಇನುಯಿಟ್ ಸಂಸ್ಥೆಗಳ ಒಡೆತನದಲ್ಲಿದ್ದವು ಎಂಬ ಸಮಾಧಾನವಾದರೂ ಇತ್ತು. 2025ರಲ್ಲಿ ಕೆನೇಡಿಯನ್ ನಾರ್ತ್ ವಿನಿಪೆಗ್‌ನ ಎಕ್ಸ್‌ಚೇಂಜ್ ಇನ್‌ಕಮ್ ಕಾರ್ಪೊರೇಷನ್ ಪಾಲಾಯಿತು.

ಈ ವಿಮಾನಗಳಲ್ಲಿ ಕೂತವರು ಯಾರು ಎಂದು ನೋಡಿದರೆ ಹಲವರು ರೋಗಿಗಳು. ಇಡೀ ನುನಾವುತ್‌ಗೆ ಆಸ್ಪತ್ರೆ ಎನ್ನುವಂಥದ್ದು ಇಕಲುಯಿತ್‌ನ ಒಂದೇ. ಉಳಿದ ಊರುಗಳಲ್ಲಿ ನರ್ಸ್‌ಗಳು ನಡೆಸುವ ಆರೋಗ್ಯ ಕೇಂದ್ರ. ಹಲ್ಲು, ಕಣ್ಣು, ಸ್ಕ್ಯಾನಿಂಗ್, ಕ್ಯಾನ್ಸರ್ ಎಲ್ಲದಕ್ಕೂ ಒಟ್ಟಾವಾ, ವಿನಿಪೆಗ್ ಅಥವಾ ಎಡ್ಮಂಟನ್. ಹೆಚ್ಚಿನ ಊರುಗಳಲ್ಲಿ ಗರ್ಭಿಣಿಯರು ದಿನ ತುಂಬುವ ಮೊದಲೇ, ವಾರಗಳ ಮುಂಚೆ ವಿಮಾನ ಹತ್ತಬೇಕು. ಮೊದಲ ಮಗುವನ್ನು ಮನೆಯಲ್ಲಿ ಬಿಟ್ಟು, ಗೊತ್ತಿಲ್ಲದ ನಗರದ ವಸತಿಗೃಹದಲ್ಲಿ ದಿನ ಎಣಿಸುತ್ತ ಕೂರಬೇಕು. ಬಾಣಂತನ ತವರಿನಲ್ಲಿ ಎಂದು ನಂಬಿ ಬೆಳೆದ ನಮಗೆ ಈ ಒಂಟಿತನದ ತೂಕ ಬೇಗ ತಿಳಿಯುತ್ತದೆ. ಇದು ಬದಲಾಗಲಾರದ ವಿಧಿಯೇನಲ್ಲ. ನುನಾವಿಕ್‌ನ ಪುವಿರ್ನಿತುಕ್ ಎಂಬ ಊರಿನ ಹೆಂಗಸರು 1986ರಲ್ಲಿ ಹಟ ಹಿಡಿದು ತಮ್ಮಲ್ಲೇ ಹೆರಿಗೆ ಕೇಂದ್ರ ತೆರೆಸಿದರು. ಇನುಯಿಟ್ ಹೆಂಗಸರನ್ನೇ ಸೂಲಗಿತ್ತಿಯರಾಗಿ ತರಬೇತುಗೊಳಿಸಿದರು. ಅದು ಈಗಲೂ ನಡೆಯುತ್ತಿದೆ. ಸಾರಿಗೆಯ ಸಮಸ್ಯೆಗೆ ಕೆಲವೊಮ್ಮೆ ಉತ್ತರ ಇನ್ನೊಂದು ವಿಮಾನವಲ್ಲ, ಪ್ರಯಾಣವೇ ಬೇಡವಾಗುವಂತೆ ಮಾಡುವುದು. ಮಂತ್ರಿಗಳ ಭಾಷಣದಲ್ಲಿ ಈ ಮಾತು ಕೇಳಿಸುವುದು ಕಡಿಮೆ, ರಿಬ್ಬನ್ ಕತ್ತರಿಸುವ ಅವಕಾಶ ಅದರಲ್ಲಿಲ್ಲವಲ್ಲ.

ರಿಬ್ಬನ್ ಇರುವುದು ರಸ್ತೆಗೆ. ಮಂಜು ನಂಬಲಾಗದಿದ್ದರೆ ವರ್ಷಪೂರ್ತಿಯ ರಸ್ತೆ ಹಾಕಿ ಎನ್ನುವ ಬೇಡಿಕೆ ಜೋರಾಗಿದೆ, ನ್ಯಾಯವೂ ಆಗಿದೆ. 2012ರಲ್ಲಿ ಮೆಕೆಂಜಿ ನದಿಗೆ ಫೋರ್ಟ್ ಪ್ರಾವಿಡೆನ್ಸ್ ಬಳಿ ಡೆ ಚೊ ಸೇತುವೆ ಆಗುವ ತನಕ ಯೆಲ್ಲೋನೈಫ್ ನಾರ್ತ್‌ವೆಸ್ಟ್ ಟೆರಿಟರೀಸ್ ಪ್ರದೇಶದ ರಾಜಧಾನಿಯಾಗಿದ್ದೂ ಪ್ರತಿ ವಸಂತದಲ್ಲಿ ಮಂಜು ಒಡೆಯುವ ವಾರಗಳಲ್ಲಿ ದ್ವೀಪವಾಗುತ್ತಿತ್ತು. ಫೆರಿ ಓಡದು, ಮಂಜಿನ ಮೇಲೆ ಗಾಡಿ ಹೋಗದು. ತರಕಾರಿ, ಹಾಲನ್ನು ಹೆಲಿಕಾಪ್ಟರ್‌ಗೆ ನೇತುಹಾಕಿ ನದಿ ದಾಟಿಸುತ್ತಿದ್ದರು. ಅದೇ ಸೇತುವೆಯ ಬೆಲೆ 2023ರ ಆಗಸ್ಟ್‌ನಲ್ಲಿ ಇನ್ನೊಂದು ಬಗೆಯಲ್ಲಿ ಗೊತ್ತಾಯಿತು. ಕಾಡ್ಗಿಚ್ಚು ಸುತ್ತುವರಿದಾಗ ಸುಮಾರು 20,000 ಜನ ಊರು ಬಿಡಬೇಕಾಯಿತು, ಹೊರಹೋಗಲು ಇದ್ದದ್ದು ಒಂದೇ ಹೆದ್ದಾರಿ.

ಆದರೆ ಇಲ್ಲಿ ನೆಲವೇ ನೆಲದಂತೆ ಇರುವುದಿಲ್ಲ. ಸದಾ ಹೆಪ್ಪುಗಟ್ಟಿದ ಮಣ್ಣಿನ ಮೇಲೆ ಜಲ್ಲಿ ರಸ್ತೆ ಹಾಕಿದರೆ ಅದರ ಬಿಸುಪಿಗೇ ಕೆಳಗಿನ ಮಂಜು ಕರಗಿ ರಸ್ತೆ ಕುಸಿಯುತ್ತದೆ. ಇನುವಿಕ್‌ಗೆ ಹೋಗುವ, 1979ರಲ್ಲಿ ಮುಗಿದ ಡೆಂಪ್‌ಸ್ಟರ್ ಹೆದ್ದಾರಿಗೆ ಅದಕ್ಕೇ ಮನುಷ್ಯನೆತ್ತರದ ಜಲ್ಲಿಯ ಹಾಸು ಹಾಕಿದ್ದಾರೆ, ರಸ್ತೆಗಿಂತ ಹೆಚ್ಚಾಗಿ ನೆಲಕ್ಕೆ ಹೊದಿಕೆಯಾಗಿ. ಹಡ್ಸನ್ ಕೊಲ್ಲಿಯ ಚರ್ಚಿಲ್ ಊರಿಗಿದ್ದ ಒಂದೇ ರೈಲು ಹಳಿ 2017ರ ಮೇ ತಿಂಗಳ ಪ್ರವಾಹದಲ್ಲಿ ಹಲವೆಡೆ ಕೊಚ್ಚಿಹೋಯಿತು. ಹಳಿಯ ಒಡೆತನ ಅಮೆರಿಕದ ಖಾಸಗಿ ಕಂಪನಿಯದ್ದು. ದುರಸ್ತಿ ಮಾಡಲು ಅದಕ್ಕೆ ಲಾಭ ಕಾಣಲಿಲ್ಲ, ಸರ್ಕಾರ ಮತ್ತು ಕಂಪನಿ ಕೋರ್ಟು ಕಚೇರಿ ಎಂದು ಕಾದಾಡಿದವು. ಸಮುದಾಯಗಳೂ ಹೂಡಿಕೆದಾರರೂ ಸೇರಿದ ಗುಂಪು ಹಳಿಯನ್ನು ಕೊಂಡುಕೊಂಡ ಮೇಲೆ, 2018ರ ಕೊನೆಗೆ ರೈಲು ಮತ್ತೆ ಬಂತು. ಸುಮಾರು ಹದಿನೆಂಟು ತಿಂಗಳು ಆ ಊರು ವಿಮಾನ ಮತ್ತು ಹಡಗನ್ನು ನೆಚ್ಚಿಕೊಂಡೇ ಬದುಕಿತು.

ಈಗ ನಕ್ಷೆಯ ಮೇಲೆ ಹೊಸ ಗೆರೆಗಳು ಮೂಡುತ್ತಿವೆ. ರಿಗ್ಲಿಯಿಂದ ನಾರ್ಮನ್ ವೆಲ್ಸ್‌ವರೆಗಿನ ಮೆಕೆಂಜಿ ಕಣಿವೆ ಹೆದ್ದಾರಿ ದಶಕಗಳ ಹಳೆಯ ಕನಸು. ಯೆಲ್ಲೋನೈಫ್‌ನಿಂದ ಆರ್ಕ್ಟಿಕ್ ಕರಾವಳಿಯ ಗ್ರೇಸ್ ಬೇವರೆಗಿನ ಮಾರ್ಗವನ್ನು ಮಾರ್ಕ್ ಕಾರ್ನಿ ಸರ್ಕಾರ 2025ರಲ್ಲಿ ‘ಆರ್ಕ್ಟಿಕ್ ಆರ್ಥಿಕ ಮತ್ತು ಭದ್ರತಾ ಕಾರಿಡಾರ್’ ಎಂದು ಕರೆದು ಮುಂದಿಟ್ಟಿತು. ಹೆಸರಿನಲ್ಲಿ ಆರ್ಥಿಕತೆ ಇದೆ, ಭದ್ರತೆ ಇದೆ. ನೆಂಟರ ಮನೆಗೆ ಹೋಗುವವರ ಸುಳಿವಿಲ್ಲ. ಉತ್ತರ ಒಂಟಾರಿಯೊದ ‘ರಿಂಗ್ ಆಫ್ ಫೈರ್’ ಖನಿಜ ಪ್ರದೇಶದ ರಸ್ತೆಗಳ ವಿಷಯದಲ್ಲಿ ಊರುಗಳೇ ಒಮ್ಮತದಲ್ಲಿಲ್ಲ. ಮಾರ್ಟೆನ್ ಫಾಲ್ಸ್ ಮತ್ತು ವೆಬಿಕ್ವಿ ಸಮುದಾಯಗಳು ರಸ್ತೆ ಯೋಜನೆಯನ್ನು ತಾವೇ ಮುನ್ನಡೆಸುತ್ತಿವೆ. 1995ರಿಂದ ನಲ್ಲಿ ನೀರನ್ನು ಕುದಿಸಿ ಕುಡಿಯಬೇಕಾದ ಸ್ಥಿತಿಯಲ್ಲಿರುವ ನೆಸ್ಕಾಂಟಗಾ ವಿರೋಧಿಸುತ್ತಿದೆ. ಮೂವತ್ತು ವರ್ಷ ನೀರಿನ ಕೊಳವೆ ಸರಿಮಾಡದ ಸರ್ಕಾರ ಗಣಿಯ ದಾರಿಗೆ ಮಾತ್ರ ಇಷ್ಟು ಅವಸರ ತೋರಿಸಿದರೆ ಅನುಮಾನ ಬಾರದಿರುತ್ತದೆಯೇ? 2025ರ ಜೂನ್‌ನಲ್ಲಿ ಪ್ರಾಂತ್ಯ ಸರ್ಕಾರ ವಿಶೇಷ ಆರ್ಥಿಕ ವಲಯಗಳ ಕಾಯ್ದೆ ತಂದು ನಿಯಮಗಳನ್ನು ಸಡಿಲಿಸಿದಾಗ ಆ ಅನುಮಾನ ಬೀದಿಗೇ ಬಂತು.

ಇನ್ನು, ರಸ್ತೆ ನಿಜಕ್ಕೂ ಬಂದ ಊರು. ಆರ್ಕ್ಟಿಕ್ ಸಾಗರದ ದಡದ ಟುಕ್ಟೊಯಾಕ್ಟುಕ್‌ನಲ್ಲಿ ಒಂಬೈನೂರು ಚಿಲ್ಲರೆ ಜನ. ಮೊದಲು ಇನುವಿಕ್‌ನಿಂದ ಅಲ್ಲಿಗೆ ಚಳಿಗಾಲದಲ್ಲಿ ಮಾತ್ರ, ಹೆಪ್ಪುಗಟ್ಟಿದ ನದಿ ಮತ್ತು ಸಮುದ್ರದ ಮೇಲೆ ಗಾಡಿ ಹೋಗುತ್ತಿತ್ತು. 2017ರ ನವೆಂಬರ್ 15ರಂದು ಸುಮಾರು 30 ಕೋಟಿ ಡಾಲರ್ ವೆಚ್ಚದ 138 ಕಿ.ಮೀ. ಜಲ್ಲಿ ರಸ್ತೆ ತೆರೆಯಿತು. ಕಟ್ಟಿದ ರೀತಿಯೇ ತಲೆಕೆಳಗು. ಕೆಲಸ ಮುಖ್ಯವಾಗಿ ಚಳಿಗಾಲದಲ್ಲಿ, ಎಲ್ಲೂ ನೆಲ ಅಗೆಯದೆ, ಹೆಪ್ಪುಗಟ್ಟಿದ ಮಣ್ಣಿನ ಮೇಲೆ ಬಟ್ಟೆಯಂಥ ಹಾಸು ಹಾಸಿ ಜಲ್ಲಿ ಪೇರಿಸುತ್ತ ಹೋದರು. ಈಗ ಬೇಸಿಗೆಯಲ್ಲಿ ಪ್ರವಾಸಿಗರು ಕಾರಿನಲ್ಲೇ ಬಂದು ಸಾಗರದ ನೀರಿಗೆ ಕಾಲದ್ದಿ ಫೋಟೊ ತೆಗೆಸಿಕೊಳ್ಳುತ್ತಾರೆ. ಇನುವಿಕ್‌ನ ಅಂಗಡಿಗೆ, ಆಸ್ಪತ್ರೆಗೆ ಯಾವ ತಿಂಗಳಲ್ಲಾದರೂ ಗಾಡಿ ಹತ್ತಬಹುದು. ಆದರೆ ಇನುವಿಕ್‌ನಿಂದ ದಕ್ಷಿಣಕ್ಕೆ ಹೋಗುವ ಡೆಂಪ್‌ಸ್ಟರ್ ದಾರಿಯಲ್ಲಿ ಪೀಲ್ ಮತ್ತು ಮೆಕೆಂಜಿ ನದಿಗಳಿಗೆ ಇನ್ನೂ ಸೇತುವೆಯಿಲ್ಲ. ಮಂಜು ಕಟ್ಟುವ ವಾರಗಳಲ್ಲಿ, ಮಂಜು ಒಡೆಯುವ ವಾರಗಳಲ್ಲಿ ಎರಡೂ ಊರುಗಳು ಮತ್ತೆ ಕಾಯುತ್ತವೆ.

ಅದೂ ಅಲ್ಲದೆ ರಸ್ತೆ ಮುಟ್ಟುವ ಹೊತ್ತಿಗೆ ಊರೇ ಜರುಗಲು ಶುರುವಾಗಿತ್ತು. ಹಿಂದೆ ದಡವನ್ನು ಕಾಯುತ್ತಿದ್ದ ಸಮುದ್ರದ ಮಂಜು ಈಗ ತಡವಾಗಿ ಕಟ್ಟುತ್ತದೆ. ಶರತ್ಕಾಲದ ಬಿರುಗಾಳಿಗೆ ಅಲೆಗಳು ನೇರ ಬಂದು ದಡ ಕಡಿಯುತ್ತವೆ, ಒಳಗೆ ಹೆಪ್ಪುಗಟ್ಟಿದ್ದ ಮಣ್ಣು ಸಡಿಲಾಗಿ ಜಾರುತ್ತದೆ. 2020ರಲ್ಲಿ ತುದಿಯ ಕೆಲವು ಮನೆಗಳನ್ನು ಬುಡಸಹಿತ ಎತ್ತಿ ಒಳನಾಡಿನ ಕಡೆಗೆ ಸಾಗಿಸಿದರು.